ಮೆಡಿಟರೇನಿಯನ್ ಕರಾವಳಿಯ ಸದ್ದಿಲ್ಲದ ಊರುಗಳು: ಹದಿನಾರು ದಿನಕ್ಕೆ ಎಲ್ಲಿ ನೆಲೆ ನಿಲ್ಲಬೇಕು?

ಪ್ರಶ್ನೆ: ವಿದ್ಯಾನಗರದ ಅಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ನನ್ನ ತಂಗಿಯ ಮನೆ ಚಿತ್ರದುರ್ಗದಲ್ಲಿ, ಕೋಟೆಯ ಬುಡದಲ್ಲಿದೆ. ಕೆಲವು ವರ್ಷಗಳ ಹಿಂದೆ, ಒಂದು ಮೇ ತಿಂಗಳಲ್ಲಿ, ನಾವಿಬ್ಬರೂ ಪ್ರವಾಸ ಸಂಸ್ಥೆಯೊಂದರ ಜೊತೆ ಹನ್ನೆರಡು ದಿನಗಳಲ್ಲಿ ಐದು ದೇಶಗಳನ್ನು ಸುತ್ತಿ ಬಂದೆವು. ಆ ಪ್ರವಾಸದ ಫೋಟೋಗಳು ಸಾವಿರಕ್ಕೂ ಮೇಲಿವೆ. ಆದರೆ ಮಾತಿಗೆ ಕುಳಿತಾಗ ನಾವಿಬ್ಬರೂ ಮತ್ತೆ ಮತ್ತೆ ನೆನೆಯುವುದು ಒಂದೂ ಫೋಟೋ ತೆಗೆಯದ ಊರನ್ನು. ಜಿನೋವಾದಿಂದ ಪೀಸಾದ ಕಡೆಗೆ ಹೊರಟಿದ್ದ ನಮ್ಮ ಬಸ್ಸನ್ನು ಚಾಲಕನ ಕಡ್ಡಾಯ ವಿಶ್ರಾಂತಿಗೆಂದು ಸಮುದ್ರದ ಅಂಚಿನ ಸಣ್ಣ ಊರೊಂದರಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದ್ದರು. ಮಧ್ಯಾಹ್ನದ ಹೊತ್ತು; ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದು ಮನೆಯ ಮುಂದೆ ನನ್ನ ವಯಸ್ಸಿನ ಇಬ್ಬರು ಹೆಂಗಸರು ಅಗಲವಾದ ಬುಟ್ಟಿಯೊಂದನ್ನು ನಡುವೆ ಇಟ್ಟುಕೊಂಡು, ನಾವು ಮಾಗಿಯಲ್ಲಿ ಅವರೆಕಾಯಿ ಬಿಡಿಸುವ ಹಾಗೆಯೇ, ಹಸಿರು ಕಾಯಿ ಬಿಡಿಸುತ್ತಿದ್ದರು. ತಂಗಿ ಹೋಗಿ ಪಕ್ಕದಲ್ಲಿ ಕುಳಿತಳು. ಅವಳ ಮಡಿಲಿಗೂ ಒಂದು ಹಿಡಿ ಕಾಯಿ ಹಾಕಿದರು. ಮಾತು ಬೇಕಾಗಲಿಲ್ಲ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಆ ಊರಿನ ಹೆಸರನ್ನು ಕೇಳಿಕೊಳ್ಳಲೂ ಆಗಲಿಲ್ಲ.

ಈ ಸಲ ಯಾರ ಗುಂಪಿಗೂ ಸೇರದೆ ನಾವಿಬ್ಬರೇ ಹೋಗಬೇಕೆಂದಿದ್ದೇವೆ. ಕೈಯಲ್ಲಿರುವುದು ಹದಿನಾರು ದಿನ. ಅಂತರಜಾಲದಲ್ಲಿ ಹುಡುಕಿದರೆ ಸ್ಯಾಂಟೊರಿನಿ, ಅಮಾಲ್ಫಿ, ಡುಬ್ರೋವ್ನಿಕ್, ಚಿಂಕ್ವೆ ತೆರ್ರೆ ಎಂಬ ಹೆಸರುಗಳೇ ಎದುರಾಗುತ್ತವೆ, ಅಲ್ಲೆಲ್ಲ ಜನಜಂಗುಳಿ ಎಂದೂ ಅಲ್ಲಿಯೇ ಬರೆದಿರುತ್ತಾರೆ. ನಮಗೆ ಬೇಕಾಗಿರುವುದು ಸದ್ದು ಕಡಿಮೆ ಇರುವ, ಆದರೆ ಪ್ರವಾಸಿಗರಿಗಾಗಿಯೇ ಬದುಕದ ಒಂದೆರಡು ಕಡಲೂರುಗಳು. ಇಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು. ತಂಗಿಗೆ ಮೊಣಕಾಲು ನೋವಿದೆ. ನಡೆಯುತ್ತಾಳೆ, ಆದರೆ ಮೆಟ್ಟಿಲು ಹೆಚ್ಚಾದರೆ ಕಷ್ಟ. ಮೇ ತಿಂಗಳು ಒಳ್ಳೆಯದೋ ಅಕ್ಟೋಬರ್ ಒಳ್ಳೆಯದೋ ಎಂಬುದೂ ತಿಳಿಯಬೇಕಾಗಿದೆ. ಸದ್ಯಕ್ಕೆ ಇಟಲಿಯಲ್ಲಿ ಮೂರು, ಕ್ರೊಯೇಷಿಯಾದಲ್ಲಿ ಎರಡು, ಗ್ರೀಸಿನಲ್ಲಿ ಎರಡು ಊರುಗಳ ಪಟ್ಟಿ ಮಾಡಿದ್ದೇನೆ. ಅನುಭವ ಇರುವವರು ತಿದ್ದಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ತುಂಗಭದ್ರೆಯ ದಂಡೆಯವನು, ಹರಿಹರ

ಮೇಡಂ, ಮೊದಲು ನಿಮ್ಮ ತಂಗಿಯವರ ಮಡಿಲಿಗೆ ಬಿದ್ದ ಕಾಯಿಯ ವಿಷಯ. ಅದು ಇಟಲಿಯವರು ‘ಫಾವೆ’ ಎಂದು ಕರೆಯುವ ದಪ್ಪ ಕಾಳಿನ ಕಾಯಿ. ವಸಂತದ ಕೊನೆಯಲ್ಲಿ, ಮುಖ್ಯವಾಗಿ ಮೇ ತಿಂಗಳಿನಲ್ಲಿ, ಜಿನೋವಾ ಇರುವ ಲಿಗೂರಿಯಾ ಪ್ರಾಂತದಲ್ಲಿ ಅದನ್ನು ಬೇಯಿಸದೆ, ಬಿಡಿಸಿದ ಕೂಡಲೇ ಹಸಿಯಾಗಿಯೇ, ಕುರಿಹಾಲಿನ ಚೀಸ್ ಜೊತೆಗೆ ತಿನ್ನುತ್ತಾರೆ. ಆದ್ದರಿಂದ ಆ ದೃಶ್ಯವನ್ನೇ ಮತ್ತೆ ಕಾಣಬೇಕೆಂದರೆ ಮೇ ತಿಂಗಳಿನಲ್ಲಿಯೇ ಹೋಗಬೇಕು.

ನಾನು ಕೆಲಸದ ಮೇಲೆ ಜಿನೋವಾದಲ್ಲಿ ಎರಡು ವರ್ಷ ಇದ್ದೆ. ಕಾರಿಲ್ಲದವರಿಗೆ ಲಿಗೂರಿಯಾದಷ್ಟು ಅನುಕೂಲವಾದ ಕರಾವಳಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಪೆನೈನ್ ಬೆಟ್ಟಗಳು ಅಲ್ಲಿ ನೇರವಾಗಿ ಕಡಲಿಗೆ ಇಳಿಯುತ್ತವೆ. ನಡುವೆ ಉಳಿದ ಕಿರಿದಾದ ಜಾಗದಲ್ಲಿ ಊರು, ಅದರ ಬೆನ್ನಿಗೆ ರೈಲು. ಜಿನೋವಾದಿಂದ ಲಾ ಸ್ಪೆತ್ಸಿಯಾದವರೆಗಿನ ಹಳಿ 1874ರಲ್ಲಿ ಪೂರ್ಣವಾಯಿತು. ಚಿಂಕ್ವೆ ತೆರ್ರೆಯ ಐದು ಊರುಗಳಿಗೆ ಹೋಗುವ ರೈಲು ಅದಕ್ಕೂ ಮುಂಚೆ ಮೊನೇಲಿಯಾ, ದೇಯ್ವಾ ಮರೀನಾ, ಫ್ರಮೂರಾ, ಬೊನಸ್ಸೋಲಾ ಎಂಬ ನಿಲ್ದಾಣಗಳನ್ನು ಹಾದು ಹೋಗುತ್ತದೆ, ಆದರೆ ಅಲ್ಲಿ ಇಳಿಯುವವರು ವಿರಳ. ಒಂದೇ ಬೆಟ್ಟಸಾಲು, ಒಂದೇ ಕಡಲು. ಹೆಸರಿನ ಹಿಂದೆ ಹೋಗುವ ಜನರು ಮಾತ್ರ ಮುಂದಿನ ನಿಲ್ದಾಣಗಳಿಗೆ ಹೋಗಿಬಿಡುತ್ತಾರೆ.

ಮೊನೇಲಿಯಾ ನನಗೆ ಅತ್ಯಂತ ಹಿಡಿಸಿದ ಊರು. ರೈಲು ಮಾರ್ಗವನ್ನು ಒಳಕ್ಕೆ ಸರಿಸಿದ ಮೇಲೆ ಹಳೆಯ ಹಳಿಯ ಸುರಂಗಗಳನ್ನೇ ವಾಹನಗಳಿಗೆ ಬಿಟ್ಟುಕೊಟ್ಟಿದ್ದಾರೆ. ಅವು ಎಷ್ಟು ಇಕ್ಕಟ್ಟೆಂದರೆ ಒಂದು ಕಡೆಯ ವಾಹನಗಳು ದಾಟುವವರೆಗೆ ಇನ್ನೊಂದು ಕಡೆಯವರು ಕೆಂಪು ದೀಪದ ಮುಂದೆ ಕಾಯಬೇಕು. ದೊಡ್ಡ ಬಸ್ಸುಗಳ ಸಾಲು ಆ ಊರಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ. ಬೊನಸ್ಸೋಲಾದಲ್ಲಿ ಅಂಥವೇ ಹಳೆಯ ಸುರಂಗಗಳನ್ನು ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ ಮೀಸಲಿಟ್ಟಿದ್ದಾರೆ. ಒಂದು ಕಡೆ ಲೆವಾಂತೋ, ಇನ್ನೊಂದು ಕಡೆ ಫ್ರಮೂರಾ. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ನೆಲ ಸಮತಟ್ಟಾಗಿದೆ, ಮೊಣಕಾಲಿಗೆ ತ್ರಾಸವಿಲ್ಲ. ಇತಿಹಾಸದ ಅಧ್ಯಾಪಕಿಯಾದ ನಿಮಗೆ ಜಿನೋವಾದ ಪಶ್ಚಿಮಕ್ಕಿರುವ ನೋಲಿ ಕೂಡ ಇಷ್ಟವಾಗಬಹುದು. ಇಂದು ಒಂದು ಗಂಟೆಯಲ್ಲಿ ನಡೆದು ಮುಗಿಸಬಹುದಾದ ಆ ಪುಟ್ಟ ಊರು 1192ರಿಂದ 1797ರವರೆಗೆ ಸ್ವತಂತ್ರ ಗಣರಾಜ್ಯವಾಗಿತ್ತು.

ಊಟದ ವಿಷಯದಲ್ಲಿ ‘ಫಾರಿನಾತಾ’ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಮತ್ತು ಉಪ್ಪನ್ನು ಕಲಸಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು ಕಟ್ಟಿಗೆಯ ಒಲೆಯಲ್ಲಿ ಬೇಯಿಸುತ್ತಾರೆ. ಕಡಲೆಹಿಟ್ಟಿನ ವಾಸನೆಯಲ್ಲಿ ಬೆಳೆದ ನಮ್ಮ ಕಡೆಯವರಿಗೆ ಅದು ಮೊದಲ ತುತ್ತಿಗೇ ಪರಿಚಿತವೆನಿಸುತ್ತದೆ. ಒಂದು ಎಚ್ಚರಿಕೆ: ಪಾರ್ಮೆಸಾನ್ ಚೀಸ್ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅಲ್ಲಿನ ತುಳಸಿಯ ಚಟ್ನಿಯಾದ ಪೆಸ್ತೋದಲ್ಲಿಯೂ ಆ ಚೀಸ್ ಇರುತ್ತದೆ. ಕಟ್ಟುನಿಟ್ಟಾಗಿ ನಡೆದುಕೊಳ್ಳುವವರಾದರೆ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಅಕ್ಟೋಬರ್ ತಿಂಗಳನ್ನು ನಾನು ಲಿಗೂರಿಯಾಕ್ಕೆ ಸೂಚಿಸುವುದಿಲ್ಲ. ಬೇಸಿಗೆಯಿಡೀ ಕಾದ ಕಡಲಿನಿಂದ ಏಳುವ ತೇವ ಕಡಿದಾದ ಬೆಟ್ಟಗಳಿಗೆ ತಾಗಿ ಕೆಲವೇ ಗಂಟೆಗಳಲ್ಲಿ ಭಾರಿ ಮಳೆಯಾಗಿ ಸುರಿಯುವುದುಂಟು. 2011ರ ಅಕ್ಟೋಬರ್ 25ರಂದು ಚಿಂಕ್ವೆ ತೆರ್ರೆಯ ವೆರ್ನಾತ್ಸಾ ಮತ್ತು ಮೊಂತೆರೊಸ್ಸೋ ಊರುಗಳ ಬೀದಿಗಳು ಕೆಸರು ಮತ್ತು ಕಲ್ಲಿನಲ್ಲಿ ಹೂತುಹೋದವು.

ಉತ್ತರ: ಹೊಂಡದ ಬೀದಿ, ಚಿತ್ರದುರ್ಗ

ಅಕ್ಕಾ, ನಿಮ್ಮ ತಂಗಿಯವರು ನಮ್ಮ ಊರಿನವರೆಂದು ಓದಿದ ಮೇಲೆ ಈ ಉತ್ತರವನ್ನು ಬರೆಯದೆ ಇರಲಾಗಲಿಲ್ಲ. ಹರಿಹರದ ಅಣ್ಣ ಹೇಳಿದ್ದೆಲ್ಲ ಸರಿಯಿದೆ. ಆದರೂ ದುರ್ಗದ ಕೋಟೆಯನ್ನು ಕಂಡು ಬೆಳೆದವರು ಜೀವನದಲ್ಲಿ ಒಮ್ಮೆ ಗ್ರೀಸಿನ ಮೊನೆಂವಾಸಿಯಾವನ್ನು ನೋಡಬೇಕೆಂದು ನಾನು ನಂಬಿದ್ದೇನೆ.

ಪೆಲೊಪೊನೀಸ್ ಎಂಬ ದೊಡ್ಡ ಪರ್ಯಾಯ ದ್ವೀಪದ ಆಗ್ನೇಯ ತುದಿಯಲ್ಲಿ, ದಡದಿಂದ ಸ್ವಲ್ಪವೇ ದೂರದಲ್ಲಿ, ಕಡಲಿನೊಳಗಿಂದ ಒಂದೇ ಬಂಡೆ ಎದ್ದು ನಿಂತಿದೆ. ದಡಕ್ಕೂ ಬಂಡೆಗೂ ಒಂದು ಕಿರಿದಾದ ಕಟ್ಟೆದಾರಿ. ‘ಒಂದೇ ಪ್ರವೇಶ’ ಎಂಬರ್ಥದ ಗ್ರೀಕ್ ಪದಗಳಿಂದಲೇ ಆ ಹೆಸರು ಬಂದಿದೆ. ಆರನೆಯ ಶತಮಾನದಲ್ಲಿ ಸ್ಲಾವ್ ದಾಳಿಗಳಿಗೆ ಹೆದರಿ ಬಯಲುಸೀಮೆಯನ್ನು ಬಿಟ್ಟು ಬಂದ ಜನರು ಅಲ್ಲಿ ನೆಲೆನಿಂತರು. ಬಂಡೆಯ ನೆತ್ತಿಯ ಮೇಲೆ ಮೇಲೂರು, ಕಡಲಿನ ಕಡೆಗೆ ಮುಖ ಮಾಡಿದ ಇಳಿಜಾರಿನಲ್ಲಿ ಗೋಡೆ ಸುತ್ತುವರಿದ ಕೆಳಊರು. ವಿಶೇಷವೆಂದರೆ ದಡದಲ್ಲಿ ನಿಂತು ನೋಡಿದರೆ ಒಂದು ಮನೆಯೂ ಕಾಣುವುದಿಲ್ಲ. ಬಂಡೆಯನ್ನು ಬಳಸಿಕೊಂಡು ಹೋಗಿ ಬಾಗಿಲಿನೊಳಗೆ ಕಾಲಿಟ್ಟಾಗಲೇ ಬೀದಿ, ಗುಡಿ, ಮನೆಗಳು ಎದುರಾಗುತ್ತವೆ. ಒಳಗೆ ವಾಹನಗಳಿಗೆ ಪ್ರವೇಶವಿಲ್ಲ. ಶತ್ರು ನೇರವಾಗಿ ನುಗ್ಗಲಾಗದಂತೆ ಆ ಬಾಗಿಲಿನ ಒಳದಾರಿಯನ್ನೇ ತಿರುವಾಗಿ ಕಟ್ಟಿದ್ದಾರೆ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರು. ಸುತ್ತ ಕಣ್ಣು ಹಾಯುವಷ್ಟು ದೂರ ಉಪ್ಪುನೀರು. ಬಂಡೆಯ ಮೇಲೆ ಒಂದು ಒರತೆಯೂ ಇಲ್ಲ. ಆದ್ದರಿಂದ ಪ್ರತಿಯೊಂದು ಮನೆಯ ಮಾಡಿನ ಮೇಲೆ ಬಿದ್ದ ಮಳೆಯನ್ನು ಮನೆಯ ತಳದಲ್ಲಿ ಕಟ್ಟಿದ ಕಮಾನಿನ ತೊಟ್ಟಿಗೆ ಇಳಿಸಿಕೊಂಡು ವರ್ಷವಿಡೀ ಬಳಸುತ್ತಿದ್ದರು. ಮೇಲೂರಿನಲ್ಲಿ ಊರಿಗೆಲ್ಲ ಸೇರಿದ ದೊಡ್ಡ ತೊಟ್ಟಿಯೂ ಇದೆ. ನಮ್ಮ ಕೋಟೆಯಲ್ಲಿ ಬಂಡೆಯಿಂದ ಹರಿದ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಬಂದು, ಅಲ್ಲಿ ತುಂಬಿದ ಮೇಲೆ ಅಕ್ಕ ತಂಗಿಯರ ಹೊಂಡಕ್ಕೆ ಇಳಿದು, ಕೊನೆಗೆ ಊರೊಳಗಿನ ಸಂತೆ ಹೊಂಡವನ್ನು ಸೇರುವ ವ್ಯವಸ್ಥೆಯನ್ನು ಬಲ್ಲವರಿಗೆ ಆ ತೊಟ್ಟಿಗಳ ಮುಂದೆ ನಿಂತಾಗ ವಿವರಣೆಯೇ ಬೇಕಾಗುವುದಿಲ್ಲ. ಮಳೆ ಕಡಿಮೆಯಿರುವ ಕಡೆ ಕಲ್ಲಿನ ಮೇಲೆ ಊರು ಕಟ್ಟಿದವರು, ಎರಡು ದೂರದ ನೆಲಗಳಲ್ಲಿ, ಪರಸ್ಪರ ಕೇಳದೆಯೇ ಒಂದೇ ಯೋಚನೆಗೆ ಬಂದಿದ್ದಾರೆ. ಶತ್ರು ಬಾಗಿಲನ್ನು ಮುರಿಯಲಾಗದಿದ್ದರೂ ತಿಂಗಳುಗಟ್ಟಲೆ ಕಾದು ಕೂರಬಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೊನೆಂವಾಸಿಯಾ 1248ರಲ್ಲಿ ಫ್ರಾಂಕರ, ಅಂದರೆ ಪಶ್ಚಿಮ ಯುರೋಪಿನಿಂದ ಬಂದ ಧರ್ಮಯುದ್ಧದವರ, ವಶವಾದದ್ದು ಅಂಥ ದೀರ್ಘ ಮುತ್ತಿಗೆಯ ಬಳಿಕವೇ. ದುರ್ಗ ಹೈದರಾಲಿಗೆ ಬಿದ್ದದ್ದು 1779ರಲ್ಲಿ, ಅದೂ ಮೊದಲ ಪ್ರಯತ್ನಕ್ಕೆ ಅಲ್ಲವೆಂಬುದನ್ನು ನೀವೇ ಪಾಠ ಮಾಡಿರುತ್ತೀರಿ.

ಕಡಲಿನ ಬಗ್ಗೆ ಒಂದು ಮಾತು. ಮರವಂತೆ, ಗೋಕರ್ಣಗಳಲ್ಲಿ ನಾವು ಕಾಣುವ ಉಬ್ಬರವಿಳಿತ ಅಲ್ಲಿ ಇಲ್ಲವೆಂದೇ ಹೇಳಬೇಕು. ಮೆಡಿಟರೇನಿಯನ್ ಸಮುದ್ರವು ಜಿಬ್ರಾಲ್ಟರಿನ ಬಳಿ, ಸುಮಾರು 14 ಕಿಲೋಮೀಟರ್ ಅಗಲದ ಜಲಸಂಧಿಯ ಮೂಲಕವಷ್ಟೇ ಸಾಗರಕ್ಕೆ ತೆರೆದುಕೊಂಡಿರುವುದರಿಂದ ಹೆಚ್ಚಿನ ಕಡೆ ನೀರಿನ ಮಟ್ಟ ಒಂದಡಿಯ ಆಸುಪಾಸಿನಲ್ಲಿಯೇ ಏರಿಳಿಯುತ್ತದೆ. ಹೀಗಾಗಿಯೇ ಮನೆಯ ಮೆಟ್ಟಿಲು ನೇರವಾಗಿ ನೀರಿಗೆ ಇಳಿಯುವಂತೆ ಕಟ್ಟಲು ಅವರಿಗೆ ಧೈರ್ಯ ಬಂದದ್ದು.

ದಾರಿ ಹೀಗಿದೆ. ಅಥೆನ್ಸ್‌ನ ಕಿಫಿಸೊಸ್ ಬಸ್ ನಿಲ್ದಾಣದಿಂದ ಸ್ಪಾರ್ಟಾ ಮಾರ್ಗವಾಗಿ ಬಸ್ಸು ಹೋಗುತ್ತದೆ. ಆರು ತಾಸು ಎಂದಿಟ್ಟುಕೊಳ್ಳಿ, ಕೆಲವು ಸಲ ಸ್ಪಾರ್ಟಾದಲ್ಲಿ ಬಸ್ಸು ಬದಲಿಸಬೇಕು. ಗೋಡೆಯೊಳಗಿನ ಮನೆಗಳಲ್ಲಿ ಅನೇಕವು ಈಗ ಅತಿಥಿಗೃಹಗಳಾಗಿವೆ, ಹಗಲು ಪ್ರವಾಸಿಗರೂ ಬರುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ನೀವು ದಡದ ಮೇಲಿನ ಗೆಫಿರಾ ಎಂಬ ಊರಿನಲ್ಲಿ ಉಳಿಯಿರಿ. ಊರಿನವರ ದಿನಸಿ ಅಂಗಡಿ, ರೊಟ್ಟಿ ಸುಡುವ ಬೇಕರಿ, ದೋಣಿಗಳು ಎಲ್ಲವೂ ಅಲ್ಲಿವೆ. ಸಂಜೆ ಹಗಲಿನ ಜನರು ಹೊರಟ ಮೇಲೆ ಕೋಟೆಯೊಳಕ್ಕೆ ಹೋಗಿ. ಬಾಗಿಲವರೆಗೆ ಸಣ್ಣ ಬಸ್ಸು ಓಡಾಡುತ್ತದೆ. ಕೆಳಊರಿನ ಕಲ್ಲುಹಾಸು ಸವೆದು ನುಣುಪಾಗಿದೆ, ಒಳ್ಳೆಯ ಹಿಡಿತದ ಚಪ್ಪಲಿ ಬೇಕು. ಮೇಲೂರಿನ ಹಾದಿ ಮಾತ್ರ ಸುತ್ತಿಬಳಸಿ ಏರುವ ಮೆಟ್ಟಿಲುಗಳದ್ದು. ತಂಗಿಯವರಿಗೆ ಅದು ಆಗದಿದ್ದರೂ ತೊಟ್ಟಿಯ ಬಾವಿಬಾಯಿಗಳು ಕೆಳಗಿನ ಬೀದಿಗಳಲ್ಲಿಯೇ ಕಾಣಸಿಗುತ್ತವೆ.

ವಿದ್ಯಾನಗರದ ಅಕ್ಕ, ದಾವಣಗೆರೆ

ಇಬ್ಬರಿಗೂ ಕೃತಜ್ಞತೆಗಳು. ಹೊಂಡದ ಬೀದಿಯವರ ಉತ್ತರವನ್ನು ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. ತೊಟ್ಟಿಯ ಭಾಗವನ್ನು ಎರಡು ಸಲ ಓದಿಸಿಕೊಂಡಳು. ಗ್ರೀಸಿನ ಹಳ್ಳಿಗಳಲ್ಲಿ ಸಸ್ಯಾಹಾರ ದೊರೆಯುತ್ತದೆಯೇ, ಮೊನೆಂವಾಸಿಯಾದ ಜೊತೆಗೆ ಬಸ್ಸಿನಲ್ಲಿಯೇ ತಲುಪಬಹುದಾದ ಇನ್ನೊಂದು ಕಡಲೂರು ಯಾವುದು ಎಂಬುದನ್ನು ಯಾರಾದರೂ ತಿಳಿಸುವಿರಾ?

ಉತ್ತರ: ಮೊಳಕಾಲ್ಮೂರಿನ ಓದುಗ

ಮೇಷ್ಟ್ರಮ್ಮನವರಿಗೆ ನಮಸ್ಕಾರ. ಏಳು ದಿನ ಉಳಿಯುವುದೆಂದು ಹೋಗಿ ಹದಿನೇಳು ದಿನ ಉಳಿದುಬಂದ ಸೀಮೆ ಅದು, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಆಹಾರದ ಬಗ್ಗೆ ಚಿಂತೆ ಬೇಡ. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ವರ್ಷದ ಬಹಳಷ್ಟು ದಿನಗಳು ಮಾಂಸ, ಹಾಲು, ಮೊಟ್ಟೆ ಬಿಟ್ಟ ವ್ರತದ ದಿನಗಳು. ಆ ಅಡುಗೆಗೆ ‘ನಿಸ್ತೀಸಿಮಾ’ ಎಂದು ಹೆಸರು, ಆ ಪದವನ್ನು ಹೇಳಿದರೆ ಯಾವ ಹಳ್ಳಿಯ ಊಟದ ಮನೆಯಲ್ಲಿಯೂ ಅರ್ಥವಾಗುತ್ತದೆ. ಆದರೆ ಸಿಗಡಿ, ಆಕ್ಟೋಪಸ್‌ಗಳಿಗೆ ಆ ವ್ರತದಲ್ಲಿ ನಿಷೇಧವಿಲ್ಲ, ಅವು ಬೇಡವೆಂದು ಬೇರೆಯಾಗಿ ಹೇಳಬೇಕು. ಬೆಂಡೆ, ಬೀನ್ಸ್, ಬದನೆ ಮೊದಲಾದವನ್ನು ಟೊಮೆಟೊ ಮತ್ತು ಧಾರಾಳವಾದ ಆಲಿವ್ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ‘ಲಾದೆರಾ’, ದೊಡ್ಡ ಬಿಳಿ ಕಾಳಿನ ‘ಯೀಗಾಂದೆಸ್’, ಇವೆಲ್ಲ ದಿನನಿತ್ಯದವು. ‘ಹೋರ್ತಾ’ ಎಂದರೆ ಬೆಟ್ಟದ ಇಳಿಜಾರಿನಲ್ಲಿ ತಾನಾಗಿ ಬೆಳೆದ ಸೊಪ್ಪುಗಳನ್ನು ಕೊಯ್ದು ತಂದು, ಬೇಯಿಸಿ, ಎಣ್ಣೆ ಮತ್ತು ನಿಂಬೆರಸ ಹಾಕಿದ್ದು. ನಮ್ಮ ಹೊಲದ ಬದುಗಳಲ್ಲಿ ಅಜ್ಜಿಯರು ಆರಿಸುತ್ತಿದ್ದ ಬೆರಕೆ ಸೊಪ್ಪಿಗೂ ಅದಕ್ಕೂ ಇರುವುದು ಒಗ್ಗರಣೆಯ ವ್ಯತ್ಯಾಸ ಮಾತ್ರ.

ಇನ್ನೊಂದು ಊರಿಗೆ ಗೀಥಿಯೋ ಸೂಕ್ತ. ಪ್ರಾಚೀನ ಸ್ಪಾರ್ಟಾದ ರೇವು ಅದು. ಈಗಲೂ ಸ್ಪಾರ್ಟಾದಿಂದ ಬಸ್ಸಿದೆ. ಗುಡ್ಡಕ್ಕೆ ಒರಗಿದಂತೆ ಸಾಲಾಗಿ ನಿಂತ ಹಳೆಯ ಬಣ್ಣದ ಮನೆಗಳು, ಎದುರಿಗೆ ಕಟ್ಟೆದಾರಿಯಿಂದ ಸೇರಿಸಿದ ಕ್ರಾನಾಯೆ ಎಂಬ ಕಿರುದ್ವೀಪ, ಅದರ ತುದಿಯಲ್ಲಿ ದೀಪಸ್ತಂಭ. ದಂಡೆಯ ಉದ್ದಕ್ಕೂ ನೆಲ ಸಮ. ಅಲ್ಲಿಂದ ಬಸ್ಸಿನಲ್ಲಿ ಅರೆಯೋಪೊಲಿಗೆ ಹೋಗಿ ಮಾನಿ ಸೀಮೆಯ ಕಲ್ಲಿನ ಗೋಪುರಮನೆಗಳನ್ನು ನೋಡಿ ಬರಬಹುದು. ಕುಲಗಳ ನಡುವಿನ ವೈರಕ್ಕಾಗಿ ಕಟ್ಟಿಕೊಂಡ ಮನೆಗಳು ಅವು. ಹೊಲಗಳ ಸುತ್ತ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗೋಡೆಗಳನ್ನು ಗಮನಿಸಿ. ಗ್ರೀಸ್, ಇಟಲಿ ಸೇರಿದಂತೆ ಎಂಟು ದೇಶಗಳ ಆ ಕೌಶಲವನ್ನು ಯುನೆಸ್ಕೊ 2018ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ತಾಲ್ಲೂಕಿನಲ್ಲಿಯೂ ಅದೇ ಕೌಶಲದಿಂದ ಕಟ್ಟಿದ ಬದುಗೋಡೆಗಳಿವೆ, ಬಿದ್ದರೆ ಮತ್ತೆ ಎತ್ತಿ ಕಟ್ಟುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಸ್ಪಾರ್ಟಾದ ಹತ್ತಿರದ ಮಿಸ್ತ್ರಾಸ್ ಎಂಬ ಪಾಳುಬಿದ್ದ ಬೆಟ್ಟದ ಕೋಟೆನಗರ ಕಡಲೂರಲ್ಲ, ಆದರೂ ಇತಿಹಾಸದವರು ಅದನ್ನು ಬಿಡಬಾರದು. ಕೊನೆಯ ಬೈಜಾಂಟಿಯನ್ ಚಕ್ರವರ್ತಿ ಹನ್ನೊಂದನೆಯ ಕಾನ್‌ಸ್ಟಾಂಟಿನ್ 1449ರಲ್ಲಿ ಪಟ್ಟಕ್ಕೆ ಬಂದದ್ದು ಅಲ್ಲಿ. ನಾಲ್ಕು ವರ್ಷಗಳಲ್ಲಿ ಕಾನ್‌ಸ್ಟಾಂಟಿನೋಪಲ್ ಬಿತ್ತು.

ಇನ್ನು ನೀವು ಕೇಳಿದ ಸದ್ದಿಲ್ಲದಿರುವಿಕೆಯ ವಿಷಯ. ಆ ಹಳ್ಳಿಗಳಲ್ಲಿ ಎರಡು ಬಗೆಯ ಮೌನವಿದೆ. ಒಂದು, ಮಧ್ಯಾಹ್ನ ಎರಡರಿಂದ ಐದರವರೆಗಿನದು: ಅಂಗಡಿ ಮುಚ್ಚಿ, ಕಿಟಕಿಯ ಹಲಗೆ ಎಳೆದು ಎಲ್ಲರೂ ಮಲಗುತ್ತಾರೆ, ಆಗ ಬೀದಿಯಲ್ಲಿ ಜೋರಾಗಿ ಮಾತನಾಡಬಾರದು. ಇನ್ನೊಂದು, ಮಕ್ಕಳು ಅಥೆನ್ಸಿಗೂ ಮೆಲ್ಬರ್ನಿಗೂ ಹೋಗಿ ನೆಲೆಸಿದ ಮನೆಗಳ ಮೌನ. ನಾನು ಉಳಿದಿದ್ದ ಹಳ್ಳಿಯಲ್ಲಿ ಬೆಳಿಗ್ಗೆ ಕಾಫಿ ಅಂಗಡಿಯ ಮುಂದೆ ಕೂರುತ್ತಿದ್ದ ಏಳು ಜನರಲ್ಲಿ ಎಪ್ಪತ್ತು ದಾಟದವರು ಇಬ್ಬರೇ. ನಮ್ಮೂರಿನ ಅರಳಿಕಟ್ಟೆ ನೆನಪಾಯಿತು. ಅಲ್ಲಿಯೂ ಈಗ ಕೂರುವವರು ಬೆಂಗಳೂರಿಗೆ ಹೋದ ಮಕ್ಕಳ ತಂದೆಯರೇ. ಅಂಥ ಊರಿಗೆ ಹೋದಾಗ ದೊಡ್ಡ ಅಂಗಡಿಯಿಂದ ಸಾಮಾನು ಹೊತ್ತು ತರದೆ ಊರಿನ ಅಂಗಡಿಯಲ್ಲಿಯೇ ಕೊಳ್ಳಿ, ಊರಿನವರ ಮನೆಯ ಕೋಣೆಯಲ್ಲಿಯೇ ಇರಿ, ಒಂದೇ ಕಾಫಿ ಅಂಗಡಿಗೆ ದಿನವೂ ಹೋಗಿ. ಮೂರನೆಯ ದಿನ ಅವರೇ ಮಾತನಾಡಿಸುತ್ತಾರೆ. ಏಳು ಊರಿಗೆ ಎರಡೆರಡು ದಿನ ಹಂಚಿದರೆ ಆ ಮೂರನೆಯ ದಿನ ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ನಿಮ್ಮ ಪಟ್ಟಿಯನ್ನು ದಯವಿಟ್ಟು ಕೈಬಿಡಿ.

ತಿಂಗಳ ಬಗ್ಗೆ: ಅಲ್ಲಿ ಮಳೆಗಾಲ ನಮಗೆ ತಿರುಗುಮುರುಗು. ಬೇಸಿಗೆ ಒಣಗಿರುತ್ತದೆ, ಚಳಿಗಾಲದಲ್ಲಿ ಮಳೆ. ಮೇ ತಿಂಗಳಿನಲ್ಲಿ ಬೆಟ್ಟ ಇನ್ನೂ ಹಸಿರಾಗಿ, ಹೂ ತುಂಬಿರುತ್ತದೆ, ನೀರು ಮಾತ್ರ ತಣ್ಣಗಿರುತ್ತದೆ. ಆದರೆ ಗ್ರೀಕರ ಈಸ್ಟರ್ ಬಹಳ ವರ್ಷಗಳಲ್ಲಿ ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚಾದ ಈಸ್ಟರ್ ದಿನದಂದು ಬರುವುದಿಲ್ಲ, ಕೆಲವು ಸಲ ಮೇ ಮೊದಲ ವಾರದವರೆಗೂ ಹೋಗುತ್ತದೆ. ಆ ವಾರ ಊರು ಬಿಟ್ಟವರೆಲ್ಲ ಮರಳಿ ಬರುತ್ತಾರೆ. ಕೋಣೆ ಸಿಗುವುದಿಲ್ಲ, ಬಸ್ಸಿನ ವೇಳೆ ಬದಲಾಗುತ್ತದೆ. ದಿನಾಂಕ ನೋಡಿಕೊಂಡು, ಅದು ಕಳೆದ ಮೇಲೆ ಹೊರಡಿ.

ಉತ್ತರ: ತುಂಗಭದ್ರೆಯ ದಂಡೆಯವನು, ಹರಿಹರ

ಮೊಳಕಾಲ್ಮೂರಿನವರ ಮಾತನ್ನು ಒಪ್ಪುತ್ತೇನೆ. ಲಿಗೂರಿಯಾ ಎಲ್ಲಿಗೂ ಓಡಿಹೋಗುವುದಿಲ್ಲ. ವೀಸಾದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾಕ್ಕೆ ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕು, ಆದ್ದರಿಂದ ಒಂದೇ ದೇಶವಾದರೆ ಕಾಗದಪತ್ರ ಸರಳ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು, ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ವೈದ್ಯಕೀಯ ವಿಮೆ ಕಡ್ಡಾಯ. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಗುತ್ತದೆ. ಇಬ್ಬರೂ ಒಂದೇ ದಿನಕ್ಕೆ ಸಮಯ ಗೊತ್ತುಮಾಡಿಕೊಳ್ಳಿ.

ವಿದ್ಯಾನಗರದ ಅಕ್ಕ, ದಾವಣಗೆರೆ

ನಿನ್ನೆ ಭಾನುವಾರ ತಂಗಿಯ ಮನೆಗೆ ಹೋಗಿದ್ದೆ. ಏಳು ಊರುಗಳ ಪಟ್ಟಿಯನ್ನು ಹರಿದುಹಾಕಿ ಹೊಸದಾಗಿ ಬರೆದೆವು: ಅಥೆನ್ಸ್‌ನಲ್ಲಿ ಬಂದ ದಿನ ಮತ್ತು ಹೊರಡುವ ಹಿಂದಿನ ದಿನ ತಲಾ ಒಂದು ರಾತ್ರಿ, ಮಿಸ್ತ್ರಾಸ್‌ಗಾಗಿ ಸ್ಪಾರ್ಟಾದಲ್ಲಿ ಎರಡು, ಗೆಫಿರಾದಲ್ಲಿ ಏಳು, ಗೀಥಿಯೋದಲ್ಲಿ ನಾಲ್ಕು. ಈಸ್ಟರ್ ಕಳೆದು ಎರಡು ವಾರದ ನಂತರ ಹೊರಡುವುದು. ಗೆಫಿರಾದಲ್ಲಿ ಅಡುಗೆಮನೆ ಇರುವ ಕೋಣೆಯನ್ನು ನೋಡಿದ್ದೇವೆ, ಹಣ ಮರಳಿ ಸಿಗುವ ಷರತ್ತಿನ ಮೇಲೆ.

ಸಂಜೆ ಇಬ್ಬರೂ ಸಂತೆ ಹೊಂಡದವರೆಗೆ ನಡೆದೆವು. ತಂಗಿ ಮೂವತ್ತೈದು ವರ್ಷಗಳಿಂದ ಅದರ ಪಕ್ಕದಲ್ಲಿಯೇ ಓಡಾಡಿದ್ದಾಳೆ. ನಿನ್ನೆ ಮೆಟ್ಟಿಲ ಮೇಲೆ ಕುಳಿತು, ನೀರು ಯಾವ ಕಡೆಯಿಂದ ಒಳಗೆ ಬರುತ್ತದೆ ಎಂದು ನನ್ನನ್ನು ಕೇಳಿದಳು. ಇತಿಹಾಸ ಪಾಠ ಮಾಡಿದ ನನಗೂ ಕೈ ತೋರಿಸಿ ಹೇಳಲು ಬರಲಿಲ್ಲ. ಹೊಂಡದ ಬೀದಿಯವರೇ, ಮುಂದಿನ ಭಾನುವಾರ ನೀವು ಊರಿನಲ್ಲಿದ್ದರೆ, ಗೋಪಾಲಸ್ವಾಮಿ ಹೊಂಡದಿಂದ ಇಲ್ಲಿಯವರೆಗೆ ಆ ನೀರಿನ ದಾರಿಯನ್ನು ನಮಗೊಮ್ಮೆ ನಡೆದು ತೋರಿಸುವಿರಾ? ತಂಗಿಯ ಮೊಣಕಾಲು ಎಷ್ಟು ಮೆಟ್ಟಿಲು ತಾಳುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ.